ಗುಳಿ ಬಿದ್ದ ನಳಿಗೆ: ಹಳೆಯ ರೈಫಲ್‌ಗೆ ಬಣ್ಣ ಕಟ್ಟಿಸುವ ಮುನ್ನ

ದಾವಣಗೆರೆ, ಚಿತ್ರದುರ್ಗದ ಹಳ್ಳಿಗಳಲ್ಲಿ ಆಯುಧಪೂಜೆಯ ದಿನ ಟ್ರ್ಯಾಕ್ಟರ್, ನೇಗಿಲು, ಕುಡುಗೋಲುಗಳ ಸಾಲಿನಲ್ಲಿ ಅಜ್ಜನ ಕಾಲದ ಕೋವಿಯೂ ಕೂರುತ್ತದೆ. ಅದಕ್ಕೂ ನೀರಿನಲ್ಲಿ ಕಲಸಿದ ವಿಭೂತಿಯ ಮೂರು ಪಟ್ಟೆ, ನಡುವೆ ಕುಂಕುಮದ ಬೊಟ್ಟು, ಮೇಲೊಂದು ಚೆಂಡುಹೂವಿನ ಮಾಲೆ. ಕುಂಬಳಕಾಯಿ ಒಡೆದು, ಮಂಡಕ್ಕಿ ಹಂಚಿ, ಎಲ್ಲರೂ ಊಟಕ್ಕೆ ಏಳುವ ಗಡಿಬಿಡಿಯಲ್ಲಿ ಕೋವಿಯನ್ನು ಒರೆಸುವುದು ಯಾರಿಗೂ ನೆನಪಾಗುವುದಿಲ್ಲ. ನೆನಪಾದರೂ ದೇವರ ವಿಭೂತಿಯನ್ನು ಒರೆಸಲು ಕೈ ಬರುವುದಿಲ್ಲ. ಹಾಗೆಯೇ ಅಟ್ಟ ಸೇರಿದ ಕೋವಿಯನ್ನು ನಾಲ್ಕಾರು ವರ್ಷ ಬಿಟ್ಟು ಇಳಿಸಿ ಎಣ್ಣೆಬಟ್ಟೆಯಿಂದ ತಿಕ್ಕಿದರೆ, ನಳಿಗೆಯ ಮೇಲೆ ಮೂರು ಬೆರಳು ಎಳೆದ ಜಾಗದಲ್ಲೇ ಮೂರು ಸಾಲು ಸಣ್ಣ ಗುಳಿಗಳು ಕಾಣಿಸುತ್ತವೆ. ಬೂದಿಯಲ್ಲಿರುವ ಲವಣಗಳು ಗಾಳಿಯ ತೇವವನ್ನು ಹೀರಿ ಉಕ್ಕಿಗೆ ಒತ್ತಿ ಹಿಡಿದುಕೊಳ್ಳುತ್ತವೆ; ಉಳಿದ ಕೆಲಸವನ್ನು ತುಕ್ಕು ಮಾಡಿ ಮುಗಿಸುತ್ತದೆ. ಪೂಜೆ ನಿಲ್ಲಿಸಬೇಕೆಂದೇನೂ ಇಲ್ಲ. ಬೊಟ್ಟನ್ನು ಮರದ ಹಿಡಿಯ ಮೇಲೆ ಇಟ್ಟು, ಅಂದೇ ರಾತ್ರಿ ಲೋಹವನ್ನು ಒರೆಸಿ ಎಣ್ಣೆ ಸವರಿದರೆ ದೇವರಿಗೂ ಸಲ್ಲುತ್ತದೆ, ಕೋವಿಯೂ ಉಳಿಯುತ್ತದೆ.

ಆಗಿಹೋದ ಗುಳಿಗಳ ಮಾತು ಬೇರೆ. ಅಂತಹ ಕೋವಿಯನ್ನು ಕೈಯಲ್ಲಿ ಹಿಡಿದವರೆಲ್ಲ ಕೇಳುವುದು ಒಂದೇ: ಪಾಲಿಶ್ ಹೊಡೆಸಿ, ಕಪ್ಪು ಮಾಡಿಸಿ, ಹೊಸದರಂತೆ ಮಾಡಬಹುದೇ? ಮಾಡಬಹುದು, ಆದರೆ ಏನನ್ನು ಕಳೆದುಕೊಂಡು ಎಂಬುದನ್ನು ಮೊದಲು ತಿಳಿದಿರಬೇಕು. ಗುಳಿ ಎಂದರೆ ಉಕ್ಕಿನ ಮೇಲೆ ಕೂತ ಕೊಳೆಯಲ್ಲ, ಉಕ್ಕೇ ಇಲ್ಲದ ಜಾಗ. ಕೋವಿಯ ನೀಲಿಗಪ್ಪು ಬಣ್ಣ ಮನೆಯ ಗೋಡೆಯ ಬಣ್ಣದಂತೆ ಮೇಲೆ ಬಳಿದದ್ದಲ್ಲ. ಅದು ಉಕ್ಕಿನ ಮೈಯೇ ಮಾರ್ಪಟ್ಟು ಆದ ಪದರ, ದಪ್ಪ ಹೆಚ್ಚೆಂದರೆ ಕೆಲವು ಮೈಕ್ರಾನ್. ಒಂದು ಮೈಕ್ರಾನ್ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಬೆರಳಿನ ಉಗುರಿಗೆ ತಾಕುವ ಸಾಧಾರಣ ಗುಳಿಯೊಂದರ ಆಳ 0.2 ಮಿ.ಮೀ. ಎಂದುಕೊಂಡರೆ ಅದು 200 ಮೈಕ್ರಾನ್ ಆಯಿತು. ಎರಡು ಮೈಕ್ರಾನಿನ ಪದರ 200 ಮೈಕ್ರಾನಿನ ಗುಳಿಯನ್ನು ತುಂಬುವುದಿಲ್ಲ. ಹಾಗಾಗಿ ಉಳಿಯುವ ದಾರಿ ಎರಡೇ. ಗುಳಿಯ ತಳದವರೆಗೆ ಸುತ್ತಲಿನ ಒಳ್ಳೆಯ ಉಕ್ಕನ್ನೆಲ್ಲ ಉಜ್ಜಿ ತೆಗೆಯುವುದು, ಇಲ್ಲವೇ ಗುಳಿಯನ್ನು ಗುಳಿಯಾಗಿಯೇ ಬಿಟ್ಟು ಅದು ಇನ್ನಷ್ಟು ಬೆಳೆಯದಂತೆ ನೋಡಿಕೊಳ್ಳುವುದು. ಮುಕ್ಕಾಲು ಪಾಲು ಸಂದರ್ಭಗಳಲ್ಲಿ ಎರಡನೆಯದೇ ಸರಿ ಎಂಬುದು ನನ್ನ ಅಭಿಪ್ರಾಯ. ಏಕೆಂದು ಹೇಳುತ್ತೇನೆ.

ತುಕ್ಕು ಎಲ್ಲ ಕಡೆ ಸಮವಾಗಿ ತಿನ್ನುವುದಿಲ್ಲ. ಕಬ್ಬಿಣ, ನೀರು, ಆಮ್ಲಜನಕ ಮೂರೂ ಸೇರಿದರೆ ಮೇಲ್ಮೈಯಲ್ಲಿ ಕೆಂಪು ಪುಡಿ ಏಳುತ್ತದೆ. ಅದನ್ನು ಬಟ್ಟೆಯಿಂದಲೇ ಒರೆಸಬಹುದು. ಅಲ್ಲಿಗೆ ಉಪ್ಪು, ಅಂದರೆ ಕ್ಲೋರೈಡ್, ಸೇರಿದಾಗ ಕಥೆ ಬದಲಾಗುತ್ತದೆ. ಉಪ್ಪು ಕೂತ ಚುಕ್ಕೆಯಲ್ಲಿ ಕಬ್ಬಿಣ ಕರಗತೊಡಗುತ್ತದೆ, ಮೇಲೆ ತುಕ್ಕಿನ ಮುಚ್ಚಳ ಕಟ್ಟಿಕೊಳ್ಳುತ್ತದೆ, ಒಳಗೆ ಆಮ್ಲಜನಕ ಕಡಿಮೆಯಾಗಿ ಆಮ್ಲ ಹೆಚ್ಚುತ್ತದೆ, ಆ ಆಮ್ಲ ಇನ್ನಷ್ಟು ಕಬ್ಬಿಣವನ್ನು ಕರಗಿಸುತ್ತದೆ. ಹುಳುಕು ಹಲ್ಲಿನಂತೆ ಬಾಯಿ ಸಣ್ಣದು, ಒಳಗೆ ಹೊಟ್ಟೆ ದೊಡ್ಡದು. ಮೇಲಿನಿಂದ ಎಣ್ಣೆ ಸವರಿದರೆ ಅದು ಮುಚ್ಚಳದ ಮೇಲೆಯೇ ನಿಲ್ಲುತ್ತದೆ. ಒಳಗಿನ ಕೆಲಸ ನಡೆದೇ ಇರುತ್ತದೆ. ಪ್ರತಿ ವರ್ಷ ತಪ್ಪದೆ ಎಣ್ಣೆ ಹಾಕಿಯೂ ಗುಳಿ ದೊಡ್ಡದಾಯಿತು ಎಂದು ದೂರುವವರ ಕೋವಿಯಲ್ಲಿ ಆಗಿರುವುದು ಇದೇ.

ಎಣ್ಣೆಯ ಮಾತು ಬಂದದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ಚಳ್ಳಕೆರೆಯ ಸೀಮೆಯವರಿಗೆ ಎಣ್ಣೆ ಎಂದರೆ ಶೇಂಗಾ ಎಣ್ಣೆ. ಗಿರಣಿಗಳ ಊರು ಅದು. ಅಡುಗೆಗೆ ಅದಕ್ಕಿಂತ ಒಳ್ಳೆಯದಿಲ್ಲ, ಕೋವಿಗೆ ಅದು ಆಗದು. ಅಡುಗೆ ಎಣ್ಣೆ ಯಾವುದೇ ಆಗಲಿ, ಕಾಲ ಕಳೆದಂತೆ ಹಳಸುತ್ತದೆ, ಅಂಟಾಗುತ್ತದೆ, ಅದರಲ್ಲಿ ಆಮ್ಲದ ಅಂಶ ಬೆಳೆಯುತ್ತದೆ, ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೊಬ್ಬರಿ ಎಣ್ಣೆ ಚಳಿಗಾಲದಲ್ಲಿ ಗಟ್ಟಿಯಾಗಿ ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ನಳಿಗೆಯ ಹಿಂಬದಿಯನ್ನು ಮುಚ್ಚುವ ಸರಳು) ಓಡದಂತೆ ಮಾಡುವುದೂ ಉಂಟು. ಹೊಲಿಗೆ ಯಂತ್ರಕ್ಕೆ ಬಿಡುವ ತೆಳು ಖನಿಜ ಎಣ್ಣೆ ಇವೆಲ್ಲಕ್ಕಿಂತ ಮೇಲು.

ನಳಿಗೆಯ ಒಳಗಿನ ಗುಳಿಗಳಿಗೆ ಕಾರಣ ಸಾಮಾನ್ಯವಾಗಿ ಹೊರಗಿನ ತೇವವಲ್ಲ, ಮದ್ದು ಮತ್ತು ಕೇಪು, ಅಂದರೆ ಬಡಿದಾಗ ಸಿಡಿದು ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು. ಚಿತ್ರದುರ್ಗದ ಕೋಟೆಯೊಳಗೆ ಮದ್ದು ಅರೆಯಲು ಬಳಸುತ್ತಿದ್ದರೆಂದು ತೋರಿಸುವ ಭಾರಿ ಬೀಸುಕಲ್ಲುಗಳನ್ನು ನೋಡಿದವರಿಗೆ ಕರಿಮದ್ದು ಹೊಸದೇನಲ್ಲ: ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಅದು ಉರಿದಾಗ ಅರ್ಧಕ್ಕಿಂತ ಹೆಚ್ಚು ತೂಕ ಅನಿಲವಾಗಿ ಹೋಗದೆ ಘನರೂಪದ ಲವಣವಾಗಿ ಉಳಿಯುತ್ತದೆ, ಮತ್ತು ಆ ಲವಣ ನೀರನ್ನು ಸೆಳೆಯುತ್ತದೆ. ಹೊಗೆಯಿಲ್ಲದ ಮದ್ದು ಬಂದ ಮೇಲೂ ಗಂಡಾಂತರ ತಪ್ಪಲಿಲ್ಲ. ಹಳೆಯ ತೋಟಾಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಸಿಡಿದಾಗ ಅದು ಪೊಟ್ಯಾಸಿಯಂ ಕ್ಲೋರೈಡ್ ಆಗಿ, ಅಡುಗೆ ಉಪ್ಪಿನ ಹತ್ತಿರದ ಬಂಧುವಾಗಿ, ನಳಿಗೆಯೊಳಗೆ ಸಿಂಪಡಿಸಿಕೊಳ್ಳುತ್ತಿತ್ತು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಹಿಂದಿನ ಸಿಪಾಯಿಗಳು ಗುಂಡು ಹಾರಿಸಿದ ದಿನವೇ ಕುದಿಯುವ ನೀರನ್ನು ನಳಿಗೆಯೊಳಗೆ ಸುರಿದು, ಒಣಗಿಸಿ, ಆಮೇಲೆ ಎಣ್ಣೆ ಹಾಕುತ್ತಿದ್ದುದು ಇದಕ್ಕೇ. ನೀರು ತಾಗಿದರೆ ತುಕ್ಕು ಹಿಡಿಯುತ್ತದೆಂದು ಹೆದರಿ ಬರೀ ಎಣ್ಣೆ ಬಿಟ್ಟವರ ನಳಿಗೆಯೇ ಹೆಚ್ಚು ಕೆಟ್ಟಿದೆ.

ಕೈಗೆ ಎಮರಿ ಕಾಗದ ತೆಗೆದುಕೊಳ್ಳುವ ಮುನ್ನ ಕಾನೂನಿನ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮು ಕೋವಿಯನ್ನು ತಯಾರಿಸುವುದಕ್ಕೆ ಮಾತ್ರವಲ್ಲ, ದುರಸ್ತಿ ಮಾಡುವುದಕ್ಕೂ ಪರವಾನಗಿ ಬೇಕೆನ್ನುತ್ತದೆ. ನಿಮ್ಮ ಬಳಿ ಇರುವುದು ಕೋವಿಯನ್ನು ಇಟ್ಟುಕೊಳ್ಳುವ ಪರವಾನಗಿ. ರಿಪೇರಿ ಮಾಡುವವನದು ಬೇರೆ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಹರಿಹರದಲ್ಲಿ ಲೇತ್ ಯಂತ್ರಗಳನ್ನು ಮಾಡುತ್ತಿದ್ದ ಕಾಲದಿಂದಲೂ ಈ ಭಾಗದಲ್ಲಿ ಲೋಹದ ಕೆಲಸ ಬಲ್ಲ ಒಳ್ಳೆಯ ಕೈಗಳಿಗೆ ಕೊರತೆಯಿಲ್ಲ. ಆದರೆ ಎಷ್ಟೇ ನುರಿತ ಟರ್ನರ್ ಆಗಿರಲಿ, ಶಸ್ತ್ರ ಪರವಾನಗಿಯಿಲ್ಲದ ಲೇತ್ ಅಂಗಡಿಗೆ ನಳಿಗೆಯನ್ನು ಒಯ್ಯಬೇಡಿ. ಕೊಟ್ಟವರೂ ಇಸಿದುಕೊಂಡವರೂ ಸಿಕ್ಕಿಬೀಳುತ್ತಾರೆ. ಇನ್ನೂ ಮುಖ್ಯವಾದದ್ದು 8ನೇ ಕಲಮು. ಕೋವಿಯ ಮೇಲೆ ಅಚ್ಚಾದ ಹೆಸರು, ಸಂಖ್ಯೆ, ಗುರುತುಗಳನ್ನು ಅಳಿಸುವುದು, ತಿದ್ದುವುದು ಅಪರಾಧ. ಗುಳಿ ಹೋಗಲೆಂದು ಉಜ್ಜುತ್ತ ಸಂಖ್ಯೆಯ ಮೇಲೂ ಅರ ಓಡಿಸಿದರೆ, ಪೊಲೀಸ್ ಠಾಣೆಯಲ್ಲಿ ಪರವಾನಗಿ ಪುಸ್ತಕದ ಸಂಖ್ಯೆಗೆ ತಾಳೆ ನೋಡುವಾಗ ಉತ್ತರಿಸುವುದು ಕಷ್ಟ. ಬಾಯಿಯ ಬಳಿ ತೀರಾ ಕೆಟ್ಟಿದೆ, ನಾಲ್ಕು ಬೆರಳು ಕತ್ತರಿಸಿಬಿಡೋಣ ಎಂಬ ಸಲಹೆಯೂ ಬರುತ್ತದೆ. ನಳಿಗೆಯನ್ನು ಮೊಟಕು ಮಾಡುವುದಕ್ಕೆ ಅದೇ ಕಾಯ್ದೆಯ 6ನೇ ಕಲಮು ಪ್ರತ್ಯೇಕ ಪರವಾನಗಿ ಕೇಳುತ್ತದೆ.

ಹಾಗಾಗಿ ಕೆಲಸ ಮಾಡುವವನು ಪರವಾನಗಿ ಇರುವ ಬಂದೂಕು ಅಂಗಡಿಯವನು. ಮಾಲೀಕನ ಪಾಲಿಗೆ ಉಳಿಯುವುದು ಏನಾಗಬೇಕು, ಏನಾಗಬಾರದು ಎಂದು ತಿಳಿದು ಹೇಳುವುದು. ಅಂಗಡಿಯವನಿಗೆ "ಚೆನ್ನಾಗಿ ಮಾಡಿಕೊಡಿ" ಎಂದಷ್ಟೇ ಹೇಳಿ ಬಂದರೆ ಅವನು ಬಫಿಂಗ್ ಚಕ್ರಕ್ಕೆ ಕೊಡುತ್ತಾನೆ. ಆಗ ಬರುವುದು ಕನ್ನಡಿಯಂತೆ ಹೊಳೆಯುವ, ಅಂಚುಗಳೆಲ್ಲ ಉರುಟಾದ, ಅಕ್ಷರಗಳು ಅರ್ಧ ಅಳಿಸಿಹೋದ ನಳಿಗೆ.

ಮೊದಲು ಪರೀಕ್ಷೆ. ತೋಟಾ ಇಲ್ಲವೆಂದು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಖಚಿತಪಡಿಸಿಕೊಂಡು, ಬೋಲ್ಟ್ ಹೊರತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ಬಾಯಿಯ ಕಡೆಯಿಂದ ಒಳಗೆ ನೋಡಬೇಕು. ರೈಫಲ್ ಆದರೆ ಒಳಗೆ ತಿರುಚಿಕೊಂಡು ಹೋಗುವ ಗೆರೆಗಳು ಇರುತ್ತವೆ. ಗೆರೆಗಳ ಅಂಚು ಚೂಪಾಗಿದ್ದು ಅಲ್ಲಲ್ಲಿ ಮಬ್ಬು ಚುಕ್ಕೆಗಳಿದ್ದರೆ ಚಿಂತೆಯಿಲ್ಲ. ಗೆರೆಗಳೇ ಕಾಣದೆ ಕರ್ರಗೆ ಮೊರಡುಮೊರಡಾಗಿ ಕಂಡರೆ ಹೊರಗಿನ ಬಣ್ಣದ ಬಗ್ಗೆ ಯೋಚಿಸುವುದೇ ವ್ಯರ್ಥ, ಆ ನಳಿಗೆ ಹಾರಿಸಲು ಯೋಗ್ಯವೇ ಎಂಬುದು ಮೊದಲು ತೀರ್ಮಾನವಾಗಬೇಕು. ಒಳಗಿನ ಗುಳಿಯನ್ನು ಯಾವ ಬಣ್ಣಗಾರನೂ ಸರಿಮಾಡಲಾರ.

ಆಮೇಲೆ ಮರವನ್ನು ಬಿಚ್ಚಿಸಬೇಕು. ಇದನ್ನು ಬಹಳ ಜನ ಮಾಡುವುದಿಲ್ಲ. ನಳಿಗೆಯ ಕೆಳಗರ್ಧ ಮರದ ತೋಡಿನಲ್ಲಿ ಮಲಗಿರುತ್ತದೆ. ಮಳೆಯ ನೀರು, ಬೆವರು ಅಲ್ಲಿ ಇಳಿದರೆ ಮರ ಅದನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಮೇಲೆ ನುಣ್ಣಗೆ ಕಾಣುವ ಎಷ್ಟೋ ಕೋವಿಗಳಲ್ಲಿ ಮರ ಬಿಚ್ಚಿದಾಗ ಅಸಲು ಸಂಗತಿ ಬಯಲಾಗುತ್ತದೆ: ಮರ ಮುಗಿದು ಲೋಹ ಶುರುವಾಗುವ ಅಂಚಿನಗುಂಟ ದಾರ ಎಳೆದಂತೆ ಒಂದು ಗುಳಿಸಾಲು, ಕೆಳಗೆ ಹಾಳೆಹಾಳೆಯಾಗಿ ಏಳುವ ಕಂದು ತುಕ್ಕು, ಮರದ ತೋಡಿನಲ್ಲಿ ಅದರದೇ ಕಪ್ಪು ಅಚ್ಚು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ತೆಗೆದುಕೊಳ್ಳುತ್ತದೆ. ಹಾಗಾಗಿ ನೋಡಿದ ಕೂಡಲೇ ಗಾಬರಿಯಾಗಬೇಕಿಲ್ಲ. ದಪ್ಪ ತುಕ್ಕಿನ ಕೆಳಗೆ ಗುಳಿ ಅಷ್ಟೇನೂ ಆಳವಿಲ್ಲದಿರಬಹುದು. ಶುಚಿಮಾಡಿ, ಡಯಲ್ ಗೇಜಿನ ಸೂಜಿಮೊನೆ ಇಳಿಸಿ ಅಳೆದ ಮೇಲೆಯೇ ಮಾತು.

ಈಗ ಲೆಕ್ಕ. ನಮ್ಮ ಕಡೆ ಪರವಾನಗಿಯ ಮೇಲೆ ಸಿಗುವ ರೈಫಲ್‌ಗಳಲ್ಲಿ ಹೆಚ್ಚು ಪರಿಚಿತವಾದದ್ದು ಇಶಾಪುರದ ಸರ್ಕಾರಿ ಕಾರ್ಖಾನೆಯ .315 (ತೂತಿನ ಅಳತೆ, ಇಂಚಿನಲ್ಲಿ). ಸೈನ್ಯದ .303 ಸಾರ್ವಜನಿಕರಿಗೆ ನಿಷಿದ್ಧವಾದ್ದರಿಂದ ಬೇರೆ ಅಳತೆಯ ಈ ಎಂಟು ಮಿ.ಮೀ. ತೋಟಾ ನಾಗರಿಕರ ಪಾಲಿಗೆ ಬಂತು. ಅದರ ನಳಿಗೆ ಬಾಯಿಯ ಬಳಿ ಹೊರಗಡೆ 15 ಮಿ.ಮೀ. ಇದೆಯೆಂದೂ ಒಳಗಿನ ತೂತು ಸುಮಾರು 8 ಮಿ.ಮೀ. ಎಂದೂ ಇಟ್ಟುಕೊಂಡರೆ ಗೋಡೆಯ ದಪ್ಪ ಮೂರೂವರೆ ಮಿ.ಮೀ. ಆಗುತ್ತದೆ. ಅದರಲ್ಲಿ 0.2 ಮಿ.ಮೀ. ಉಜ್ಜಿ ತೆಗೆದರೆ ಆರು ಶೇಕಡದಷ್ಟೇ ಹೋಯಿತು. ತೋಟಾ ಕೂರುವ ಕಡೆ ಗೋಡೆ ಇನ್ನೂ ದಪ್ಪ. ಆದರೆ ಒತ್ತಡದ ಉತ್ತುಂಗವೂ ಅಲ್ಲೇ, ಚದರ ಇಂಚಿಗೆ 40,000 ಪೌಂಡಿನ ಆಸುಪಾಸು. ಹಾಗಾಗಿ ಹಿಂಭಾಗದ ಗುಳಿ ಸಣ್ಣದಾದರೂ ಗಂಭೀರ, ಬಾಯಿಯ ಬಳಿಯದು ದೊಡ್ಡದಾದರೂ ಅಂದಗೇಡು ಅಷ್ಟೆ.

ಇದೇ ಲೆಕ್ಕವನ್ನು ಚರೆಗುಂಡಿನ 12 ಬೋರ್ ಕೋವಿಗೆ ಹಾಕಿ ನೋಡಿ. ಅದರ ತೂತು ಹದಿನೆಂಟೂವರೆ ಮಿ.ಮೀ., ಒತ್ತಡ ರೈಫಲಿನ ಕಾಲುಭಾಗದಷ್ಟು. ಅದಕ್ಕೆ ತಕ್ಕಂತೆ ಗೋಡೆಯೂ ತೆಳು. ಜೋಡು ನಳಿಗೆಯ ಹಗುರ ಕೋವಿಗಳಲ್ಲಿ ಮುಂಭಾಗದಲ್ಲಿ ಒಂದು ಮಿ.ಮೀ.ಗಿಂತ ಕಡಿಮೆ ಇರುವುದು ಸಾಮಾನ್ಯ. ಗೋಡೆ 0.8 ಇರುವಲ್ಲಿ 0.2 ತೆಗೆದರೆ ಕಾಲುಭಾಗ ಹೋಯಿತು. ಅರ್ಧ ಮಿ.ಮೀ.ಗಿಂತ ತೆಳುವಾದ ನಳಿಗೆಯನ್ನು ನಂಬಬಾರದೆಂಬುದು ಇಂಗ್ಲೆಂಡಿನ ಕೋವಿ ಕೆಲಸಗಾರರಲ್ಲಿ ಬಹುಕಾಲದಿಂದ ಇರುವ ಅಂದಾಜು. ಆ ಗಡಿಗೆ 0.1 ಮಾತ್ರ ಬಾಕಿ. ರೈಫಲಿನಲ್ಲಿ ನಿರುಪದ್ರವಿಯಾದ ಪಾಲಿಶ್, ಚರೆಕೋವಿಯಲ್ಲಿ ಕಣ್ಣು ಕೈ ಕಳೆಯಬಲ್ಲದು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ತಿರುಚಿ ಬೆಸೆದು ಮಾಡಿದ, ಮೈಮೇಲೆ ಅಲೆಅಲೆ ಚಿತ್ತಾರವಿರುವ ಹಳೆಯ ನಳಿಗೆಗಳಲ್ಲಂತೂ ಬೆಸುಗೆಯ ಸಂದಿನಲ್ಲಿ ತುಕ್ಕು ಎಷ್ಟು ಆಳಕ್ಕೆ ಹೋಗಿದೆಯೆಂದು ಹೊರಗಿನಿಂದ ಗೊತ್ತಾಗುವುದೇ ಇಲ್ಲ. ಅವುಗಳನ್ನು ಗೋಡೆಗೆ ತೂಗುಹಾಕುವುದು ಒಳ್ಳೆಯದು. ಪರವಾನಗಿ ಅದಕ್ಕೂ ಬೇಕೆಂಬುದನ್ನು ಮರೆಯಬೇಡಿ.

ಲೇತ್‌ಗೆ ಕಟ್ಟಿ ಒಂದು ಪದರ ತೆಗೆದರೆ ಆಯಿತಲ್ಲ ಎನ್ನುವವರಿಗೆ ಒಂದು ಮಾತು. ಹಳೆಯ ನಳಿಗೆಗಳಲ್ಲಿ ಒಳತೂತು ಹೊರಮೈಯ ನಟ್ಟನಡುವೆ ಇರುತ್ತದೆಂಬ ಖಾತರಿಯಿಲ್ಲ. ತೂತನ್ನು ಕೇಂದ್ರ ಮಾಡಿ ಕಟ್ಟಿ ತಿರುಗಿಸಿದರೆ ಉಳಿ ಒಂದು ಪಕ್ಕದಲ್ಲಿ ಹೆಚ್ಚು, ಇನ್ನೊಂದು ಪಕ್ಕದಲ್ಲಿ ಕಡಿಮೆ ತಿನ್ನುತ್ತದೆ. ಉದ್ದನೆಯ ತೆಳು ಸರಳು ನಡುವೆ ಬಳುಕಿ ಉಳಿಯ ಗುರುತು ಬೀಳುವುದು ಬೇರೆ.

ಹಾಗಾಗಿ ಉಜ್ಜಲೇಬೇಕೆಂದರೆ ಬಲ್ಲವರು ಕೈಯಲ್ಲಿ ಅರ ಹಿಡಿಯುತ್ತಾರೆ. ಮಾಮೂಲಿನಂತೆ ಮುಂದೆ ತಳ್ಳುವುದಲ್ಲ. ಅರದ ಎರಡೂ ತುದಿಗಳನ್ನು ಹಿಡಿದು ನಳಿಗೆಗೆ ಅಡ್ಡಲಾಗಿಟ್ಟು, ಬಾಯಿಯಿಂದ ಬುಡದವರೆಗೆ ಒಂದೇ ಉಸಿರಿನಲ್ಲಿ ಎಳೆಯುವುದು. ಅರದ ಹಲ್ಲುಗಳ ನಡುವೆ ಉಕ್ಕಿನ ಚೂರು ಸಿಕ್ಕಿಕೊಂಡರೆ ಗುಳಿಗಿಂತ ಕೆಟ್ಟ ಗೀರು ಬೀಳುತ್ತದೆ, ಅದಕ್ಕೆ ಹಲ್ಲಿಗೆ ಸೀಮೆಸುಣ್ಣ ತಿಕ್ಕಿಟ್ಟುಕೊಳ್ಳಬೇಕು. ಎಳೆದಾಗಲೆಲ್ಲ ಕೂದಲಿನಂತಹ ಉಕ್ಕಿನ ಎಳೆಗಳು ಬರುತ್ತವೆ, ಅರದ ಕೆಳಗೆ ಉದ್ದಕ್ಕೂ ಒಂದು ಕಿರಿದಾದ ಚಪ್ಪಟೆ ಪಟ್ಟಿ ಹೊಳೆಯುತ್ತದೆ. ನಳಿಗೆಯನ್ನು ತುಸು ಹೊರಳಿಸಿ ಪಕ್ಕದಲ್ಲಿ ಇನ್ನೊಂದು ಪಟ್ಟಿ, ಅದರ ಪಕ್ಕ ಮತ್ತೊಂದು. ಸುತ್ತು ಮುಗಿಯುವ ಹೊತ್ತಿಗೆ ದುಂಡನೆಯ ನಳಿಗೆ ಹತ್ತಾರು ಮುಖಗಳ ಕಂಬವಾಗಿರುತ್ತದೆ. ಆ ಮುಖಗಳ ಏಣುಗಳನ್ನು ಮತ್ತೆ ಎಳೆದು, ಆಮೇಲೆ ಎಮರಿ ಬಟ್ಟೆಯ ಪಟ್ಟಿಯಿಂದ ಉಜ್ಜಿ ದುಂಡು ಮಾಡಬೇಕು. 180, 240, 320 ಎಂದು ನಂಬರ್ ಏರಿಸುತ್ತ (ನಂಬರ್ ಏರಿದಷ್ಟೂ ಎಮರಿ ನುಣುಪು), ಪ್ರತಿ ಸಲ ಹಿಂದಿನದರ ಗೀರು ಪೂರ್ತಿ ಹೋಗುವವರೆಗೆ. ಗುಳಿ ಇರುವ ಜಾಗವನ್ನು ಮಾತ್ರ ಉಜ್ಜಿದರೆ ಅಲ್ಲಿ ತಗ್ಗು ಬೀಳುತ್ತದೆ. ಬೆರಳಿಗೆ ತಿಳಿಯದ ಆ ತಗ್ಗು ಕಣ್ಣಿಗೆ ಕಾಣುತ್ತದೆ: ನಳಿಗೆಯನ್ನು ಕಿಟಕಿಯ ಕಡೆಗೋ ಟ್ಯೂಬ್‌ಲೈಟಿನ ಕಡೆಗೋ ಹಿಡಿದು ಉದ್ದಕ್ಕೆ ನೋಡಿದರೆ, ಪ್ರತಿಬಿಂಬದ ಗೆರೆ ನೆಟ್ಟಗೆ ಓಡಬೇಕಾದಲ್ಲಿ ಡೊಂಕಾಗುತ್ತದೆ. ಕೆಲಸಗಾರನ ಕೈಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಮತ್ತೆ, ಎಲ್ಲ ಗುಳಿಗಳನ್ನೂ ಬೆನ್ನಟ್ಟಬಾರದು. ಹತ್ತರಲ್ಲಿ ಎಂಟು ಗುಳಿಗಳು ಆಳವಿಲ್ಲದವು, ಮೊದಲ ಎಳೆತಗಳಲ್ಲೇ ಹೋಗುತ್ತವೆ. ಉಳಿದೆರಡಕ್ಕಾಗಿ ಇಡೀ ನಳಿಗೆಯನ್ನು ತೆಳುಮಾಡುವುದು ಬುದ್ಧಿವಂತಿಕೆಯಲ್ಲ. ಬಾಯಿಯ ಬಳಿಯ ಸೈಟ್, ಹೆಸರು, ಬರ್ಮಿಂಗ್‌ಹ್ಯಾಮ್‌ನಂತಹ ಪರೀಕ್ಷಾಗೃಹಗಳ (ನಳಿಗೆ ಒತ್ತಡ ತಾಳುತ್ತದೆಯೇ ಎಂದು ಪರೀಕ್ಷಿಸುವ ಕಡೆಗಳ) ಮುದ್ರೆ, ಸಂಖ್ಯೆ, ಇವುಗಳ ಸುತ್ತ ಅರವನ್ನೇ ಇಡಬಾರದು. ಅಲ್ಲಿ ಗುಳಿ ಇದ್ದರೆ ಇರಲಿ. ಹೊಳಪಿನ ವಿಷಯದಲ್ಲೂ ಜನರ ಆಸೆ ತಿರುಗುಮುರುಗಾಗಿದೆ. ಮೈ ಕನ್ನಡಿಯಾದಷ್ಟೂ ಉಳಿದ ಒಂದು ಗುಳಿ ದೂರದಿಂದಲೇ ಎದ್ದು ಕಾಣುತ್ತದೆ. 320ಕ್ಕೆ ನಿಲ್ಲಿಸಿ ಮಬ್ಬು ಮೈಯನ್ನೇ ಬಿಟ್ಟರೆ ಬೆಳಕು ಚದುರಿ ಗುಳಿಗಳು ಅದರಲ್ಲಿ ಮುಳುಗುತ್ತವೆ, ಬಣ್ಣವೂ ಚೆನ್ನಾಗಿ ಹಿಡಿಯುತ್ತದೆ.

ಗುಳಿಯನ್ನು ಬೆಸುಗೆಯಿಂದ ತುಂಬುವುದು, ಎಂ-ಸೀಲ್ ತುಂಬಿ ಕಪ್ಪು ಪೇಂಟ್ ಹೊಡೆಯುವುದು ಎರಡನ್ನೂ ನೋಡಿದ್ದೇನೆ. ಮೊದಲನೆಯದು ಒತ್ತಡ ತಾಳಬೇಕಾದ ಉಕ್ಕಿನ ಹದವನ್ನೇ ಕೆಡಿಸುತ್ತದೆ. ಎರಡನೆಯದು ಅಪಾಯವನ್ನು ಮುಚ್ಚಿಡುತ್ತದೆ, ಅಷ್ಟೆ.

ಬಣ್ಣದ ವಿಷಯಕ್ಕೆ ಬಂದರೆ, ಇಡೀ ಕೆಲಸದಲ್ಲಿ ನನಗೆ ಬಹಳ ಸೊಗಸೆನಿಸುವ ಭಾಗ ಇದು. ಹಳೆಯ ಕೋವಿಗಳ ಆಳವಾದ ನೀಲಿಗಪ್ಪು ಬಣ್ಣ ಬರುವುದು ತುಕ್ಕಿನಿಂದಲೇ. ಕೆಂಪು ತುಕ್ಕು ನೀರಿನಂಶ ಸೇರಿದ ಕಬ್ಬಿಣದ ಆಕ್ಸೈಡು. ಪುಡಿಪುಡಿ, ತೂತುತೂತು, ಗಾಳಿ ನೀರನ್ನು ಒಳಗೆ ಬಿಡುತ್ತದೆ. ಅದೇ ತುಕ್ಕಿನ ತೆಳು ಪದರವನ್ನು ನೀರಿನಲ್ಲಿ ಕುದಿಸಿದರೆ ಮ್ಯಾಗ್ನೆಟೈಟ್ ಎಂಬ ಕಪ್ಪು ಆಕ್ಸೈಡಾಗಿ ಬದಲಾಗುತ್ತದೆ. ಅದು ಉಕ್ಕಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆ.

ವಿಧಾನ ಹೀಗೆ. ನಳಿಗೆಯಲ್ಲಿ ಎಣ್ಣೆಯ ಅಂಶ ಒಂದಿಷ್ಟೂ ಇರದಂತೆ ತೊಳೆಯುತ್ತಾರೆ. ಒಂದು ಬೆರಳು ತಾಗಿದರೂ ಆ ಬೆರಳಿನ ಗುರುತು ಬಣ್ಣದಲ್ಲಿ ಉಳಿಯುತ್ತದೆ. ಎರಡೂ ತುದಿಗೆ ಮರದ ಬಿರಡೆ ಹಾಕಿ ಒಳಭಾಗವನ್ನು ಕಾಪಾಡಿ, ಬಿರಡೆಯನ್ನೇ ಹಿಡಿಯಾಗಿ ಬಳಸುತ್ತಾರೆ. ಸೌಮ್ಯವಾದ ತುಕ್ಕು ಹಿಡಿಸುವ ದ್ರಾವಣವನ್ನು ತೇವವಷ್ಟೇ ಆಗುವಂತೆ ಒಂದೇ ಎಳೆತದಲ್ಲಿ ಸವರಿ, ತೇವವಿರುವ ಪೆಟ್ಟಿಗೆಯಲ್ಲಿ ತೂಗುಹಾಕುತ್ತಾರೆ. ಕೆಲವು ಗಂಟೆಗಳಲ್ಲಿ ಮೈಮೇಲೆ ತೆಳುವಾದ ಕಿತ್ತಳೆ ಬಣ್ಣದ ನವಿರು ಏಳುತ್ತದೆ. ಆಗ ಉದ್ದನೆಯ ತೊಟ್ಟಿಯ ಕುದಿಯುವ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಮುಳುಗಿಸಿದರೆ ಕಿತ್ತಳೆ ಕಣ್ಣೆದುರೇ ಕಪ್ಪಾಗುತ್ತದೆ. ಹೊರತೆಗೆದು ಎಣ್ಣೆ ಸೋಕದ ಸ್ಟೀಲ್ ವುಲ್‌ನಿಂದ ಸಡಿಲವಾದ ಕಪ್ಪನ್ನು ಮೆಲ್ಲಗೆ ಒರೆಸಿದರೆ ಕೆಳಗೆ ಬೂದುಗಪ್ಪು ಉಳಿಯುತ್ತದೆ. ಮತ್ತೆ ದ್ರಾವಣ, ಮತ್ತೆ ತುಕ್ಕು, ಮತ್ತೆ ಕುದಿ. ಐದಾರು ಸುತ್ತು ಆದಾಗ ಬಣ್ಣ ಆಳಕ್ಕಿಳಿಯುತ್ತದೆ. ಕುದಿಸುವುದನ್ನು ಬಿಟ್ಟು ಒರೆಸುತ್ತಲೇ ಹೋದರೆ ಹಿಂದಿನ ಕೇಪಿನ ಕೋವಿಗಳಲ್ಲಿ ಕಾಣುವ ಚಾಕೊಲೇಟ್ ಕಂದು ಬರುತ್ತದೆ. ಹಳೆಯ ಪಾಕಗಳಲ್ಲಿ ಪಾದರಸದ ಕ್ಲೋರೈಡ್ ಸೇರಿಸುತ್ತಿದ್ದರು. ಅದು ಘೋರ ವಿಷ. ಅಂತಹ ಪಾಕ ಇಟ್ಟುಕೊಂಡವನ ಸಹವಾಸ ಬೇಡ.

ಕುದಿಸುವ ನೀರಿನ ಬಗ್ಗೆ ನಮ್ಮ ಜಿಲ್ಲೆಗಳವರು ವಿಶೇಷವಾಗಿ ಎಚ್ಚರ ವಹಿಸಬೇಕು. ಇಲ್ಲಿನ ಕೊಳವೆಬಾವಿಯ ಗಡಸು ನೀರು ಹಂಡೆಯ ತಳಕ್ಕೆ ಬಿಳಿ ಚಕ್ಕೆ ಕಟ್ಟುವುದು ಎಲ್ಲರಿಗೂ ಗೊತ್ತು. ಅದೇ ಚಕ್ಕೆ ನಳಿಗೆಯ ಮೇಲೂ ಮಚ್ಚೆ ಮಚ್ಚೆಯಾಗಿ ಕೂರುತ್ತದೆ, ನೀರಿನ ಕ್ಲೋರೈಡು ಗುಳಿಗಳೊಳಗೆ ಸೇರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬೇಕು, ಇಲ್ಲವೇ ಶುದ್ಧವಾಗಿ ಹಿಡಿದ ಮಳೆನೀರು. ಋತುವೂ ಲೆಕ್ಕಕ್ಕೆ ಬರುತ್ತದೆ. ಮಾರ್ಚ್ ತಿಂಗಳ ಚಳ್ಳಕೆರೆಯ ಒಣಗಾಳಿಯಲ್ಲಿ ಪೆಟ್ಟಿಗೆಯೊಳಗೆ ಬಿಸಿನೀರಿನ ಪಾತ್ರೆ ಇಡದಿದ್ದರೆ ತುಕ್ಕು ಏಳುವುದೇ ಇಲ್ಲ. ಆಷಾಢದ ಚನ್ನಗಿರಿಯಲ್ಲಿ ಬೇಡವೆಂದರೂ ಏಳುತ್ತದೆ, ಹೊತ್ತು ಮೀರಿದರೆ ಹೊಸ ಗುಳಿಯನ್ನೇ ತೋಡುತ್ತದೆ.

ಈಗಿನ ಕಾರ್ಖಾನೆಗಳು ಬಳಸುವುದು ಬೇರೆ ದಾರಿ: ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣದ ಗಾಢ ದ್ರಾವಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಅದರಲ್ಲಿ ಅದ್ದುವುದು. ಅರ್ಧ ಗಂಟೆಯಲ್ಲಿ ಬಣ್ಣ ಬರುತ್ತದೆ. ಒಂಟಿ ನಳಿಗೆಯ ರೈಫಲ್‌ಗೆ ಇದು ನಡೆಯುತ್ತದೆ. ಎರಡು ನಳಿಗೆಗಳನ್ನು ತವರ-ಸೀಸದ ಬೆಸುಗೆಯಿಂದ ಕೂಡಿಸಿದ ಕೋವಿಗೆ ಇದು ಕೂಡದು. ಕಾಸ್ಟಿಕ್ ಬೆಸುಗೆಯನ್ನು ತಿನ್ನುತ್ತದೆ, ಸಂದಿನಲ್ಲಿ ಸಿಕ್ಕಿದ ಲವಣ ಮುಂದೆ ವರ್ಷಗಟ್ಟಲೆ ಒಳಗಿನಿಂದ ಕೊರೆಯುತ್ತದೆ. ಬಾಟಲಿಯಲ್ಲಿ ಸಿಗುವ ತಣ್ಣನೆಯ ಬಣ್ಣ ಒಂದು ಗೀರನ್ನು ಮರೆಮಾಚಲು ಸಾಕು, ಇಡೀ ನಳಿಗೆಗೆ ತೇಪೆ ತೇಪೆಯಾಗಿ ಕಾಣುತ್ತದೆ, ಕೈಯ ಬೆವರಿಗೆ ಅಳಿಸಿಯೂ ಹೋಗುತ್ತದೆ. ಸೈನ್ಯದ ಕೋವಿಗಳಿಗೆ ಮಾಡುವ ಫಾಸ್ಫೇಟ್ ಲೇಪ ಬೂದು, ಒರಟು, ಗುಳಿಗಳನ್ನು ಚೆನ್ನಾಗಿ ಮರೆಸುತ್ತದೆ. ನಿಕ್ಕಲ್ ಮಾಡಿಸುವುದು ನನಗೆ ಹಿಡಿಸದು.

ಇನ್ನು ನಾನು ಹೆಚ್ಚಿನವರಿಗೆ ಹೇಳುವ ದಾರಿ. ಅರ ಬೇಡ, ದ್ರಾವಣವೂ ಬೇಡ. ಮರ ಬಿಚ್ಚಿಸಿ, ಹಳೆಯ ಅಂಟನ್ನು ತೊಳೆಸಿ, ಇರುವ ತುಕ್ಕಿನ ಸಮೇತ ನಳಿಗೆಯನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಅರ್ಧ ಗಂಟೆ ಕುದಿಸಲು ಹೇಳಿ. ಗುಳಿಯೊಳಗಿನ ಉಪ್ಪು ನೀರಿಗೆ ಇಳಿಯುತ್ತದೆ, ಕೆಂಪು ತುಕ್ಕು ಅಲ್ಲೇ ಕಪ್ಪಾಗುತ್ತದೆ. ಸ್ಟೀಲ್ ವುಲ್‌ನಿಂದ ಮೆಲ್ಲಗೆ ಒರೆಸಿ, ನೀರು ಬದಲಿಸಿ ಇನ್ನೊಂದು ಸಲ ಕುದಿಸಿದರೆ ಉಳಿದ ಹಳೆಯ ಬಣ್ಣ ಹಾಗೆಯೇ ಇರುತ್ತದೆ, ಗುಳಿಗಳು ಕಪ್ಪು ಚುಕ್ಕೆಗಳಾಗಿ ಅದರಲ್ಲಿ ಬೆರೆಯುತ್ತವೆ. ಒಂದು ಚೂರು ಒಳ್ಳೆಯ ಉಕ್ಕೂ ಹೋಗುವುದಿಲ್ಲ, ಸಂಖ್ಯೆ ಮುದ್ರೆಗಳಿಗೆ ಧಕ್ಕೆಯಿಲ್ಲ. ಹೊಸದರಂತೆ ಕಾಣುವುದಿಲ್ಲ, ನಿಜ. ಅರವತ್ತು ವರ್ಷದ ಕೋವಿ ಹೊಸದರಂತೆ ಕಾಣಬೇಕೇಕೆ? ಮುಂದೆ ಯಾವಾಗಲಾದರೂ ಉಜ್ಜಿಸಬೇಕೆನಿಸಿದರೆ ಉಕ್ಕು ಅಲ್ಲೇ ಇರುತ್ತದೆ; ಒಮ್ಮೆ ಉಜ್ಜಿದ್ದನ್ನು ವಾಪಸ್ ತರಲಾಗದು. ವಸ್ತುಸಂಗ್ರಹಾಲಯಗಳಲ್ಲಿ ಕಬ್ಬಿಣವನ್ನು ಕಾಪಾಡುವವರು ಟ್ಯಾನಿನ್ ಆಮ್ಲ ಬಳಸಿ ತುಕ್ಕನ್ನು ಕಪ್ಪಾಗಿಸುವುದೂ ಇದೇ ಧೋರಣೆಯಿಂದ. ಅಳಲೆಕಾಯಿಯ ರಸಕ್ಕೆ ಕಬ್ಬಿಣ ಸೇರಿಸಿ ನಮ್ಮ ಹಿರಿಯರು ಶಾಯಿ ಮಾಡುತ್ತಿದ್ದುದರ ಹಿಂದೆಯೂ ಅದೇ ರಸಾಯನವಿದೆ. ಹಾಗೆಂದು ಅಳಲೆಕಾಯಿ ತೇದು ರೈಫಲ್‌ಗೆ ಹಚ್ಚಲು ಹೋಗಬೇಡಿ.

ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕುವ ಅಭ್ಯಾಸವಿರುವ ಮನೆಗಳಲ್ಲಿ ಕೋವಿಗೂ ಅದೇ ಉಪಚಾರ ನಡೆಯುತ್ತದೆ. ತಿಕ್ಕಿದಾಗ ಥಳಥಳ, ಮರುವಾರ ಕೆಂಪು. ಶೌಚಾಲಯದ ಆಸಿಡ್ ಅಂತೂ ಕ್ಲೋರೈಡನ್ನು ನೇರವಾಗಿ ಗುಳಿಯೊಳಗೆ ಸುರಿದ ಹಾಗೆ.

ಕೆಲಸ ಮುಗಿದ ಕೋವಿಗೆ ಖನಿಜ ಎಣ್ಣೆ ತೆಳ್ಳಗೆ ಸವರಿ, ಒಂದು ದಿನ ಬಿಟ್ಟು ಒರೆಸಿ, ಮೇಲೆ ಜೇನುಮೇಣ ಉಜ್ಜಿದರೆ ಬೆವರು ತಾಗುವುದಿಲ್ಲ. ಚರ್ಮದ ಚೀಲ ಸಾಗಿಸಲು ಮಾತ್ರ. ಚರ್ಮವೂ ಗೋಣಿಯೂ ತೇವ ಹೀರುತ್ತವೆ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಬೇಕಾಗುತ್ತದೆ. ಗೋಣಿ ಸುತ್ತಿ ಕೊಡುವ ಬದಲು ಎಣ್ಣೆ ಸ್ವಲ್ಪ ಹೆಚ್ಚಾಗಿಯೇ ಸವರಿ, ಎಣ್ಣೆ ಕುಡಿದ ಹತ್ತಿಬಟ್ಟೆ ಸುತ್ತಿ ಕೊಡಿ. ಯಾವ ಸ್ಥಿತಿಯಲ್ಲಿ ಕೊಟ್ಟಿರಿ ಎಂದು ರಸೀದಿಯಲ್ಲಿ ಬರೆಸಿಕೊಳ್ಳಿ. ಮನೆಯಲ್ಲಿ ನಿಲ್ಲಿಸಿಡುವಾಗ ಬಾಯಿ ಕೆಳಗಿರಲಿ. ಮೇಲಿದ್ದರೆ ಎಣ್ಣೆ ಇಳಿದು ಹಿಡಿಯ ಮರವನ್ನು ಮೆತ್ತಗೆ ಮಾಡುತ್ತದೆ.

ಅಂಗಡಿಯಿಂದ ಕೋವಿಯನ್ನು ವಾಪಸ್ ತೆಗೆದುಕೊಳ್ಳುವಾಗ ಹಣ ಕೊಡುವ ಮೊದಲು ಮರವನ್ನು ಇನ್ನೊಮ್ಮೆ ಬಿಚ್ಚಿಸಿ ಕೆಳಭಾಗ ನೋಡಿ. ಮೇಲಷ್ಟೇ ಬಣ್ಣ ಹಾಕಿ ಕೆಳಗಿನ ತುಕ್ಕನ್ನು ಹಾಗೇ ಬಿಡುವುದು ಈ ಕಸುಬಿನ ಹಳೆಯ ಚಾಳಿ. ಸ್ಕ್ರೂ ತೂತುಗಳ ಅಂಚು ಚೂಪಾಗಿದೆಯೇ, ತಟ್ಟೆಯಂತೆ ತಗ್ಗಾಗಿದೆಯೇ ಎಂದು ಬೆರಳಾಡಿಸಿ. ಉಜ್ಜಿಸಿದ್ದರೆ ನಳಿಗೆಯ ಗೋಡೆ ಈಗ ಎಷ್ಟು ದಪ್ಪ ಉಳಿದಿದೆ ಎಂದು ಅಳತೆಯನ್ನೇ ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಕೊನೆಗೆ ಪರವಾನಗಿ ಪುಸ್ತಕ ತೆರೆದು ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಓದಿ, ನಳಿಗೆಯ ಮೇಲಿನದಕ್ಕೆ ತಾಳೆ ಹಾಕಿ.